ಮುಂದಿನ ತೊಗರಿ ಬಿತ್ತನೆಯ ಲೆಕ್ಕ: ನಾನು ಹಾಕುವ ರೀತಿ

ಕಲಬುರಗಿ ಭಾಗದ ರೈತ ಉತ್ಪಾದಕ ಕಂಪನಿಗಳಿಗೆ ಬೆಳೆ ಮತ್ತು ಆದಾಯದ ಅಂದಾಜು ಮಾಡಿಕೊಡುವುದು ನನ್ನ ಕೆಲಸ. ಬೆಂಬಲ ಬೆಲೆ ಏರಲಿ, ಆಮದು ನೀತಿ ಬದಲಾಗಲಿ, ಅವರು ಕೇಳುವುದು ಎರಡೇ: ಈ ಸಲ ತೊಗರಿ ಎಷ್ಟು ಎಕರೆಯಲ್ಲಿ ಬಿತ್ತನೆಯಾಗುತ್ತದೆ, ರೈತರಿಗೆ ಎಷ್ಟು ಉಳಿಯುತ್ತದೆ?

ಈ ಎರಡಕ್ಕೂ ನಾನು ಒಂದೇ ಬೆಲೆ ಹಿಡಿಯುವುದಿಲ್ಲ. ಬಿತ್ತನೆಯ ಅಂದಾಜಿಗೆ ಹಿಂದಿನ ಹಂಗಾಮಿನಲ್ಲಿ ಸಿಕ್ಕ ದರ ಬೇಕು. ರೈತ ಕಂಡಿರುವುದು ಅದನ್ನೇ. 2015ರಲ್ಲಿ ತೊಗರಿ ಕ್ವಿಂಟಲಿಗೆ 10,000 ರೂಪಾಯಿ ದಾಟಿತ್ತು. ಮರುವರ್ಷ ಬಿತ್ತನೆ ಹೆಚ್ಚಿತು, ಇಳುವರಿಯೂ ಬಂತು. ರಾಶಿ (ಒಕ್ಕಣೆ) ಮುಗಿದು ಮಾಲು ಎಪಿಎಂಸಿಗೆ ಬರುವಷ್ಟರಲ್ಲಿ ಬೋನಸ್ ಸೇರಿದ 5,050 ರೂಪಾಯಿಯ ಬೆಂಬಲ ಬೆಲೆಗಿಂತಲೂ ದರ ಕೆಳಗಿಳಿದಿತ್ತು. ನನ್ನ ಎಕ್ಸೆಲ್ ಹಾಳೆಯನ್ನು ಮೊದಲು ಪರೀಕ್ಷಿಸಿದ್ದೇ ಈ ಎರಡು ವರ್ಷಗಳ ಮೇಲೆ.

ಆದಾಯದ ಲೆಕ್ಕ ಇನ್ನೂ ಕಷ್ಟ. 2025-26ಕ್ಕೆ ಘೋಷಿಸಿದ ಬೆಂಬಲ ಬೆಲೆ 8,000 ರೂಪಾಯಿ. ಅದನ್ನು ಹಾಗೇ ಹಾಕಿದರೆ ಆದಾಯ ಉಬ್ಬಿ ಕಾಣುತ್ತದೆ. ಎಲ್ಲ ಮಾಲೂ ಆ ದರಕ್ಕೆ ಹೋಗುವುದಿಲ್ಲ. ಸರ್ಕಾರಿ ಖರೀದಿ ಕೇಂದ್ರ ಯಾವಾಗ ತೆರೆಯಿತು, ಫ್ರೂಟ್ಸ್ ಐಡಿ (ರೈತರ ಸರ್ಕಾರಿ ನೋಂದಣಿ ಸಂಖ್ಯೆ) ಯಾರಿಗಿದೆ, ಕಾಳಿನ ತೇವಾಂಶ ಶೇ. 12ರೊಳಗೆ ಇದೆಯೇ ಎಂಬುದೆಲ್ಲ ಎಣಿಕೆಗೆ ಬರಬೇಕು. ಒಬ್ಬ ರೈತರು ಕೇಳಿದರು: "ಅಡತಿ ಅಂಗಡಿ ಸಾಲ ಇದ್ದಾವ ಕೇಂದ್ರ ತೆರೆಯೋತನಕ ಹೆಂಗ ಕಾಯ್ತಾನ್ರಿ?" ಅಡತಿಯ, ಅಂದರೆ ದಲ್ಲಾಳಿಯ ಸಾಲ ತೀರಿಸಲು ಬೇಗ ಮಾರಬೇಕಾದ ಸಣ್ಣ ಹಿಡುವಳಿದಾರರ ಲೆಕ್ಕವನ್ನು ಹಾಳೆಯಲ್ಲಿ ನಾನು ಬೇರೆಯಾಗಿಯೇ ಇಡಲು ಇದೇ ಕಾರಣ. ಹತ್ತು ಕ್ವಿಂಟಲಿನಲ್ಲಿ ಎರಡು ಮಾತ್ರ 8,000ಕ್ಕೆ ಹೋಗಿ, ಉಳಿದದ್ದು ಪೇಟೆಯಲ್ಲಿ 6,500ಕ್ಕೆ ಮಾರಾಟವಾಯಿತು ಎಂದುಕೊಳ್ಳಿ: ಸರಾಸರಿ 6,800. ನನ್ನ ಹಾಳೆಗೆ ಹೋಗುವುದು ಈ ಸಂಖ್ಯೆ.

2021ರ ಮೇ ತಿಂಗಳಲ್ಲಿ ತೊಗರಿ ಆಮದಿನ ಮೇಲಿನ ನಿರ್ಬಂಧ ತೆಗೆದ ಮೇಲೆ ಆಫ್ರಿಕಾದ ಫಸಲನ್ನೂ ಗಮನಿಸುತ್ತೇನೆ. ಮೊಜಾಂಬಿಕ್‌ನ ತೊಗರಿ ನಮ್ಮ ರಾಶಿಗಿಂತ ಮೊದಲೇ ಕೊಯ್ಲಿಗೆ ಬರುತ್ತದೆ. ಅಲ್ಲಿಂದ ಮಾಲು ಹೆಚ್ಚು ಬಂದ ವರ್ಷಕ್ಕೆ ಕಡಿಮೆ ದರದ ಇನ್ನೊಂದು ಲೆಕ್ಕ ಸಿದ್ಧವಿರಬೇಕು.

ಇಷ್ಟಾದರೂ ಬೆಳೆ ಆಯ್ಕೆ ದರವೊಂದರಿಂದಲೇ ತೀರ್ಮಾನವಾಗದು. ಗಿಡ ಬಾಡಿ ಒಣಗುವ ನೆಟೆ ರೋಗ ಬಂದ ಹೊಲದವರು ಸೋಯಾ ಕಡೆ ನೋಡುತ್ತಾರೆ. ಜೂನ್ ಮಳೆ ತಡವಾದರೆ ಹೆಸರು, ಉದ್ದು ಬಿತ್ತುವ ಹದ ತಪ್ಪಿ, ಆ ಜಾಗವೂ ತೊಗರಿಗೆ ಸೇರುತ್ತದೆ. ಹಾಗಾಗಿ ಮಳೆ ಬಿದ್ದು ಬೀಜ ಖರೀದಿ ಶುರುವಾಗುವ ತನಕ ನಾನು ಕಂಪನಿಗಳಿಗೆ ಎಕರೆಯ ಒಂದೇ ಅಂಕಿ ಕೊಡುವುದಿಲ್ಲ. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಬರೆದು, ಯಾವ ದರ ಹಿಡಿದಿದ್ದೇನೆ ಎಂಬುದನ್ನು ಪಕ್ಕದಲ್ಲೇ ನಮೂದಿಸುತ್ತೇನೆ.