ಹುಣ್ಣಿಮೆ, ಅಮಾವಾಸ್ಯೆ ಮತ್ತು ನನ್ನ ಆರು ವರ್ಷದ ಜಿಂಕೆ ಲೆಕ್ಕ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಹೋಗುವವರ ಹತ್ತಿರ ಐದು ನಿಮಿಷ ನಿಂತರೆ ಸಾಕು, ಚಂದ್ರನ ಮಾತು ಬಂದೇ ಬರುತ್ತದೆ. ಹುಣ್ಣಿಮೆ ಹತ್ತಿರ ಜಿಂಕೆ ರಾತ್ರಿಯೆಲ್ಲಾ ಮೇಯುತ್ತದೆ, ಹಗಲು ಮಲಗುತ್ತದೆ, ಅಂಥ ದಿನ ಕಾಡಿಗೆ ಹೋಗಿ ಕೂರುವುದು ದಂಡ ಅಂತ ಒಬ್ಬರು ಹೇಳುತ್ತಾರೆ. ಇನ್ನೊಬ್ಬರು ಅದಕ್ಕೆ ಪೂರಾ ಉಲ್ಟಾ ಹೇಳುತ್ತಾರೆ. ನನಗೆ ಬೇಟೆ ಕಲಿಸಿದ ಪಕ್ಕದ ಮನೆಯ ಹಿರಿಯರು ಮೊದಲ ಪಂಗಡ. ಅವರು ನಲವತ್ತು ವರ್ಷ ಕಾಡು ಸುತ್ತಿದವರು. ಅವರ ಮಾತು ತಳ್ಳಿಹಾಕುವ ಧೈರ್ಯ ನನಗಿರಲಿಲ್ಲ. ನಂಬಿ ಸುಮ್ಮನಿರಲೂ ಆಗಲಿಲ್ಲ. ಹಾಗಾಗಿ 2018ರಿಂದ 2023ರವರೆಗೆ ಆರು ಸೀಸನ್ ಎಲ್ಲವನ್ನೂ ಬರೆದಿಟ್ಟೆ.

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಬೇಟೆ ನಿಂತಿತು, ಅದು ಸರಿಯಾದ ಕೆಲಸವೇ. ಇಲ್ಲಿಯ ಸ್ಥಿತಿ ಬೇರೆ. ಬಿಳಿ ಬಾಲದ ಜಿಂಕೆ ಜಾಸ್ತಿಯಾದರೆ ಓಕ್ ಸಸಿಗಳು ಮೇಲೇಳುವುದೇ ಇಲ್ಲ, ಎಲ್ಲವನ್ನೂ ಮೊಳಕೆಯಲ್ಲೇ ಮೇದುಬಿಡುತ್ತವೆ. ಆದ್ದರಿಂದ ಬೇಟೆಗೆ ತರಬೇತಿ, ಲೈಸೆನ್ಸ್, ಸೀಸನ್, ಟ್ಯಾಗ್ ಎಲ್ಲವೂ ಇವೆ. ನಾನು ಕೂರುವುದು ರಾಥ್‌ರಾಕ್ ಸ್ಟೇಟ್ ಫಾರೆಸ್ಟ್‌ನ ಒಂದು ದಿಣ್ಣೆಯಲ್ಲಿ. ಆಯುಧ ಬಂದೂಕಿನಂತೆ ಕುದುರೆ ಎಳೆದು ಬಾಣ ಬಿಡುವ ಕ್ರಾಸ್‌ಬೋ. ಮರದ ಮೇಲೆ ಹದಿನೈದು ಅಡಿ ಎತ್ತರದಲ್ಲಿ ಟ್ರೀ ಸ್ಟ್ಯಾಂಡ್, ಸೊಂಟಕ್ಕೆ ಬೆಲ್ಟ್. ನಮ್ಮೂರಲ್ಲಾದರೆ ಇದನ್ನೇ ಮರಸು ಕೂರುವುದು ಅನ್ನುತ್ತಿದ್ದರು.

ಲೆಕ್ಕಕ್ಕೆ ಎರಡು ದಾರಿ ಮಾಡಿಕೊಂಡೆ. ಒಂದು, ನಾನು ಕೂತ ಪ್ರತಿ ದಿನದ ಪುಸ್ತಕ: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಗಾಳಿ ಎತ್ತ ಕಡೆಯಿಂದ, ಚಳಿ ಎಷ್ಟು, ಏನು ಕಂಡಿತು, ತಿಥಿ ಯಾವುದು. ಇನ್ನೊಂದು, ಜಿಂಕೆ ಜಾಡಿನ ಮೇಲೆ ಕಟ್ಟಿದ, ಪ್ರಾಣಿ ಎದುರು ಹಾದರೆ ತಾನೇ ಫೋಟೋ ತೆಗೆಯುವ ಮೂರು ಟ್ರೈಲ್ ಕ್ಯಾಮೆರಾ. ಅವು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲೇ ಇರುತ್ತವೆ. ಪ್ರತಿ ಫೋಟೋದ ಕೆಳಗೆ ಸಮಯ, ಚಳಿ, ಜೊತೆಗೆ ಪುಟ್ಟ ಚಂದ್ರನ ಚಿತ್ರವೂ ಅಚ್ಚಾಗಿರುತ್ತದೆ.

ಮೊದಲ ವರ್ಷ ಎರಡು ತಪ್ಪು ಮಾಡಿದೆ. ಬೇರೆ ಯಾರಾದರೂ ಇಂಥ ಲೆಕ್ಕ ಇಡುವುದಾದರೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ತಿಥಿಗೆ ನಾನು ನೋಡುತ್ತಿದ್ದುದು ಅಮ್ಮ ಊರಿಂದ ಕಳಿಸಿದ ಗೋಡೆ ಕ್ಯಾಲೆಂಡರ್. ಅದರಲ್ಲಿರುವುದು ಅಲ್ಲಿಯ ಸೂರ್ಯೋದಯದ ತಿಥಿ. ಅಕ್ಟೋಬರ್‌ನಲ್ಲಿ ನಾವು ಒಂಬತ್ತೂವರೆ ಗಂಟೆ ಹಿಂದೆ. ನನ್ನ ಮಂಗಳವಾರ ಸಂಜೆ ಆರು ಅಂದರೆ ಊರಲ್ಲಿ ಬುಧವಾರ ಬೆಳಗಿನ ಜಾವ ಮೂರೂವರೆ. ಸಂಜೆ ಕೂತಾಗೆಲ್ಲಾ ನಾನು ಒಂದು ತಿಥಿ ಹಿಂದೆ ಬರೆದಿದ್ದೆ. ಎಲ್ಲವನ್ನೂ ಅಳಿಸಿ ಮತ್ತೆ ಬರೆದೆ.

ಎರಡನೆಯದು ಗಡಿಯಾರದ್ದು. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನನ್ನ ಕ್ಯಾಮೆರಾ ಅದನ್ನು ತಾನಾಗಿ ಬದಲಿಸಿಕೊಳ್ಳುವುದಿಲ್ಲ. ಕೆಲವನ್ನು ನಾನೇ ಹೋಗಿ ಸರಿಮಾಡಿದ್ದೆ, ಒಂದನ್ನು ಮರೆತಿದ್ದೆ. ಅದರ ಫೋಟೋ ನೋಡಿದರೆ ಅಲ್ಲಿಯ ಜಿಂಕೆಗಳು ಇದ್ದಕ್ಕಿದ್ದಂತೆ ತಡವಾಗಿ ಏಳತೊಡಗಿದಂತೆ ಕಾಣುತ್ತಿತ್ತು! ಅದೇ ವಾರ ಹುಣ್ಣಿಮೆ ಬಂದಿದ್ದರೆ ನಾನು ಖಂಡಿತ ಚಂದ್ರನ ತಲೆಗೆ ಕಟ್ಟುತ್ತಿದ್ದೆ. ಆಮೇಲಿಂದ ಗಡಿಯಾರದ ಸಮಯ ಬಿಟ್ಟು, ಸೂರ್ಯ ಹುಟ್ಟುವುದಕ್ಕೆ ಮತ್ತು ಮುಳುಗುವುದಕ್ಕೆ ಎಷ್ಟು ನಿಮಿಷ ಹಿಂದೆ ಮುಂದೆ ಅಂತ ಬರೆದೆ. ಆಗ ಚಿತ್ರ ಸ್ಪಷ್ಟವಾಯಿತು.

ಜಿಂಕೆ ಬಂದದ್ದು ಜಾಸ್ತಿ ಮುಂಜಾನೆ ಮತ್ತು ಮುಸ್ಸಂಜೆ. ಪಾಡ್ಯವಾಗಲಿ, ಅಷ್ಟಮಿಯಾಗಲಿ, ಹುಣ್ಣಿಮೆಯಾಗಲಿ, ಅದೇ ಎರಡು ಹೊತ್ತು. ಹುಣ್ಣಿಮೆ ಆಚೆ ಈಚೆ ಮೂರು ದಿನ, ಅಮಾವಾಸ್ಯೆ ಆಚೆ ಈಚೆ ಮೂರು ದಿನ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ. ನಂಬಿ ರಜೆ ಹಾಕುವಂಥ ವ್ಯತ್ಯಾಸ ಏನೂ ಸಿಗಲಿಲ್ಲ. ಇದೇ ಕಾಡುಗಳಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು 2013ರಿಂದ ಜಿಂಕೆಗಳ ಕುತ್ತಿಗೆಗೆ ಜಿಪಿಎಸ್ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದ್ದಾರೆ. ಅವರು ಕಂಡದ್ದೂ ಹೆಚ್ಚುಕಡಿಮೆ ಇದೇ. ಮೂರು ಕ್ಯಾಮೆರಾದ ನನ್ನ ಲೆಕ್ಕಕ್ಕಿಂತ ಅವರದ್ದು ಎಷ್ಟೋ ಗಟ್ಟಿ.

ಆದರೆ ನನ್ನ ಪುಸ್ತಕ ಮಾತ್ರ ಬೇರೆ ಮಾತು ಹೇಳುತ್ತಿತ್ತು. ಆರು ವರ್ಷದಲ್ಲಿ ನನಗೆ ಸಿಕ್ಕಿದ್ದು ಏಳು ಜಿಂಕೆ. ಅದರಲ್ಲಿ ಐದು ಸಿಕ್ಕಿದ್ದು ನನ್ನ ಫೋನಿನ ಚಂದ್ರನ ಆ್ಯಪ್ 'ಒಳ್ಳೆಯ ದಿನ' ಅಂದ ದಿನಗಳಲ್ಲೇ. ಏಳರಲ್ಲಿ ಐದು! ಒಂದು ವಾರ ನನಗೆ ನಿದ್ದೆ ಸರಿ ಬರಲಿಲ್ಲ. ಆಮೇಲೆ ಕೂತ ಗಂಟೆಗಳನ್ನು ಕೂಡಿಸಿದೆ. ಒಳ್ಳೆಯ ದಿನಗಳಲ್ಲಿ ಒಟ್ಟು 210 ಗಂಟೆ ಕೂತಿದ್ದೆ, ಉಳಿದ ದಿನಗಳಲ್ಲಿ ಬರೀ 90. ಆ್ಯಪ್ ಒಳ್ಳೆಯದು ಅಂದ ದಿನ ರಜೆ ಹಾಕಿ, ಬುತ್ತಿ ಕಟ್ಟಿಕೊಂಡು, ಕತ್ತಲಾಗುವವರೆಗೆ ಅಲುಗಾಡದೆ ಕೂರುತ್ತಿದ್ದೆ. ಕೆಟ್ಟದು ಅಂದ ದಿನ ಒಂಬತ್ತು ಗಂಟೆಗೇ ಇಳಿದು ಆಫೀಸಿಗೆ ಹೋಗುತ್ತಿದ್ದೆ. ಭಾಗಿಸಿ ನೋಡಿದರೆ ಅಲ್ಲಿ 42 ಗಂಟೆಗೆ ಒಂದು ಜಿಂಕೆ, ಇಲ್ಲಿ 45 ಗಂಟೆಗೆ ಒಂದು. ಚಂದ್ರ ಜಿಂಕೆಯನ್ನು ಎಬ್ಬಿಸಿರಲಿಲ್ಲ, ನನ್ನನ್ನು ಕೂರಿಸಿದ್ದ. ಏಳು ಜಿಂಕೆಯಿಂದ ದೊಡ್ಡ ತೀರ್ಮಾನ ಮಾಡಬಾರದು, ನಿಜ. ಆದರೆ 'ನನ್ನ ಅನುಭವದಲ್ಲಿ ಹುಣ್ಣಿಮೆಗೇ ಜಾಸ್ತಿ ಸಿಗುತ್ತೆ' ಅನ್ನುವವರನ್ನು ನಾನು ಈಗ ಮೊದಲು ಕೇಳುವುದು, 'ಆ ದಿನ ಎಷ್ಟು ಹೊತ್ತು ಕೂತಿದ್ರಿ?' ಅಂತ.

ಆ ಆ್ಯಪ್‌ಗಳ ಮೂಲ 1926ರಲ್ಲಿ ಜಾನ್ ಆಲ್ಡೆನ್ ನೈಟ್ ಅನ್ನುವವರು ಕಟ್ಟಿದ ಸೋಲುನಾರ್ ಲೆಕ್ಕ, ಅಂದರೆ ಸೂರ್ಯ ಚಂದ್ರರನ್ನು ನೋಡಿ ಹೊತ್ತು ಹೇಳುವ ಪಟ್ಟಿ. ಮೊದಲು ಅದು ಮೀನು ಹಿಡಿಯುವವರಿಗಾಗಿ ಇತ್ತು. ಚಂದ್ರ ನೆತ್ತಿಯ ಮೇಲಿದ್ದಾಗ ಮತ್ತು ಕಾಲಡಿಗಿದ್ದಾಗ ಪ್ರಾಣಿಗಳ ಓಡಾಟ ಜೋರು, ಹುಟ್ಟುವಾಗ ಮುಳುಗುವಾಗ ಸ್ವಲ್ಪ ಕಡಿಮೆ ಜೋರು ಅಂತ ಅದರ ಮಾತು. ಇದು ಸರಿ ಅನ್ನಿಸಲು ಒಂದು ಕಾರಣವಿದೆ. ಹುಣ್ಣಿಮೆ ಚಂದ್ರ ಹುಟ್ಟುವುದು ಸೂರ್ಯ ಮುಳುಗುವ ಹೊತ್ತಿಗೆ, ಮುಳುಗುವುದು ಸೂರ್ಯ ಹುಟ್ಟುವ ಹೊತ್ತಿಗೆ. ಅಮಾವಾಸ್ಯೆಗೆ ಚಂದ್ರ ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುತ್ತಾನೆ. ಅಂದರೆ ಆ ದಿನಗಳಲ್ಲಿ ಪಟ್ಟಿ ಹೇಳುವ ಚಂದ್ರ ಹುಟ್ಟುವ ಮುಳುಗುವ ಹೊತ್ತು, ಜಿಂಕೆ ಹೇಗೂ ಓಡಾಡುವ ಹೊತ್ತು, ಎರಡೂ ಒಂದೇ. ಪಟ್ಟಿ ನಿಜವಾದ ಹಾಗೆ ಕಂಡೇ ಕಾಣುತ್ತದೆ ಅಲ್ವಾ?

ಇನ್ನೊಂದು ನಂಬಿಕೆ ಬೆದೆಗಾಲದ್ದು. ಸೆಪ್ಟೆಂಬರ್‌ನಲ್ಲಿ ಹಗಲು ರಾತ್ರಿ ಸಮವಾಗುತ್ತವಲ್ಲ, ಅದಾದ ಮೇಲಿನ ಎರಡನೇ ಹುಣ್ಣಿಮೆ ಜಿಂಕೆಗಳನ್ನು ಬೆದೆಗೆ ತರುತ್ತದೆ ಅನ್ನುತ್ತಾರೆ. ಇದನ್ನು ನನಗೆ ಬಿಡಿಸಿದ್ದು ದೀಪಾವಳಿ. ನಮ್ಮ ದೀಪಾವಳಿ ಅಮಾವಾಸ್ಯೆ ಹಿಡಿದು ಬರುವ ಹಬ್ಬ, ಹಾಗಾಗಿ ಇಂಗ್ಲಿಷ್ ತಾರೀಖಿನಲ್ಲಿ ಹಿಂದೆ ಮುಂದೆ ಓಡುತ್ತದೆ. 2022ರಲ್ಲಿ ಅಕ್ಟೋಬರ್ 24, 2023ರಲ್ಲಿ ನವೆಂಬರ್ 12. ಚಂದ್ರನ ಮಾತು ಕೇಳುವುದಾದರೆ ಜಿಂಕೆಯೂ ಹಾಗೇ ಓಡಬೇಕಿತ್ತು. ಆ ಎರಡನೇ ಹುಣ್ಣಿಮೆ 2020ರಲ್ಲಿ ಅಕ್ಟೋಬರ್ 31ಕ್ಕೆ ಬಂತು, 2021ರಲ್ಲಿ ನವೆಂಬರ್ 19ಕ್ಕೆ. ಹತ್ತೊಂಬತ್ತು ದಿನದ ಅಂತರ. ನನ್ನ ಕ್ಯಾಮೆರಾದಲ್ಲಿ ಮಾತ್ರ ಎರಡೂ ವರ್ಷ ಕೊಂಬಿನ ಗಂಡುಗಳು ಹಗಲಲ್ಲೇ ಹೆಣ್ಣಿನ ಬೆನ್ನಟ್ಟಿದ್ದು ನವೆಂಬರ್ ಎರಡನೇ ವಾರವೇ. ಇಲ್ಲಿ ವನ್ಯಪ್ರಾಣಿ, ಬೇಟೆ ನೋಡಿಕೊಳ್ಳುವ ಗೇಮ್ ಕಮಿಷನ್‌ನವರು ರಸ್ತೆಯಲ್ಲಿ ಸತ್ತ ಹೆಣ್ಣು ಜಿಂಕೆಗಳ ಹೊಟ್ಟೆಯ ಮರಿ ಅಳೆದು ಬೆದೆ ಯಾವಾಗ ಬಂದಿತ್ತು ಅಂತ ಲೆಕ್ಕ ಹಾಕುತ್ತಾರೆ. ಅವರಿಗೂ ಪ್ರತಿ ವರ್ಷ ಸಿಗುವುದು ನವೆಂಬರ್ ಮಧ್ಯಭಾಗವೇ. ಹಗಲು ಎಷ್ಟು ಚಿಕ್ಕದಾಯಿತು ಅನ್ನುವುದನ್ನು ಹಿಡಿದು ಬೆದೆ ಬರುತ್ತದೆ. ಮರಿ ಹುಟ್ಟುವುದು ಸುಮಾರು 200 ದಿನ ಕಳೆದು, ಮೇ ಕೊನೆ, ಜೂನ್ ಹೊತ್ತಿಗೆ. ಆಗ ಕಾಡೆಲ್ಲಾ ಹಸಿರು. ಅದು ಹತ್ತೊಂಬತ್ತು ದಿನ ಆಚೀಚೆಯಾದರೆ ಮರಿಗೆ ಕಷ್ಟ.

2022ರ ನವೆಂಬರ್ 8 ನಾನು ಮರೆಯದ ದಿನ. ಬೆಳಗಿನ ಜಾವ ನಾಲ್ಕೂವರೆಗೆ ಅಮ್ಮನ ಫೋನ್. 'ಇವತ್ತು ಗ್ರಹಣ ಕಣೋ, ಹೊರಗೆ ಹೋಗಬೇಡ' ಅಂದರು. ನಾನಾಗಲೇ ಕಾರಿನಲ್ಲಿದ್ದೆ. ದಿಣ್ಣೆ ಹತ್ತುವಾಗ ಬೆಳದಿಂಗಳು ಕರಗಿ ಕರಗಿ ಕಾಡು ಪೂರ್ತಿ ಕಪ್ಪಾಯಿತು. ಮರದ ಮೇಲೆ ಕೂತು ನೋಡಿದರೆ ಪಶ್ಚಿಮದಲ್ಲಿ ಚಂದ್ರ ಕೆಂಪು ಕುಂಕುಮದ ಹಾಗೆ. ನನ್ನ ಕೈಕಾಲು ತಣ್ಣಗಾಗಿದ್ದವು, ಆದರೂ ಕಣ್ಣು ತೆಗೆಯಲು ಆಗಲಿಲ್ಲ. ಕತ್ತಲಲ್ಲೇ ಎರಡು ಹೆಣ್ಣು ಜಿಂಕೆ ಒಣ ಎಲೆ ತುಳಿದುಕೊಂಡು ನನ್ನ ಮರದ ಕೆಳಗೇ ಹೋದವು. ದಿನಾ ಹೋಗುವ ದಾರಿ, ದಿನಾ ಹೋಗುವ ಹೊತ್ತು. ಅವುಗಳ ಕಾಲ ಸಪ್ಪಳ ಇವತ್ತಿಗೂ ಕಿವಿಯಲ್ಲಿದೆ.

ಊರಿಗೆ ಹೋದಾಗ ದೊಡ್ಡಪ್ಪನನ್ನು ಕೇಳಿದೆ. ಅವರಿಗೆ ಎಂಬತ್ತೈದು ದಾಟಿದೆ. ಕಾನೂನು ಬರುವ ಮೊದಲು, ಗದ್ದೆಗೆ ಬೀಳುವ ಹಂದಿ, ಕಡವೆಗೆ ಮರಸು ಕೂತವರು. 'ದೊಡ್ಡಪ್ಪ, ನೀವು ಯಾಕೆ ಬೆಳದಿಂಗಳು ನೋಡಿಕೊಂಡೇ ಹೋಗ್ತಿದ್ರಿ? ಆಗ ಪ್ರಾಣಿ ಜಾಸ್ತಿ ಬರ್ತಿತ್ತಾ?'

'ಪ್ರಾಣಿ ಕತ್ತಲಲ್ಲೂ ಬರ್ತಿತ್ತು ಮಾರಾಯ. ನಮಗೆ ಕಾಣಬೇಕಲ್ಲ! ಟಾರ್ಚಿಗೆ ಸೆಲ್ ಹಾಕಲು ದುಡ್ಡೆಲ್ಲಿತ್ತು?'

ಇಲ್ಲಿ ಜಿಂಕೆಗೆ ರಾತ್ರಿ ಬೇಟೆಯೇ ಇಲ್ಲ. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚೆಯಿಂದ ಮುಳುಗಿದ ಅರ್ಧ ಗಂಟೆಯವರೆಗೆ ಅಷ್ಟೇ.

ಆರು ವರ್ಷದಲ್ಲಿ ನಿಜವಾಗಿ ವ್ಯತ್ಯಾಸ ಮಾಡಿದ್ದು ಮೂರು. ಮೊದಲನೆಯದು ಗಾಳಿ. ನನ್ನ ವಾಸನೆ ಜಾಡಿನ ಕಡೆ ಹೋದ ದಿನ ಕಂಡದ್ದು ಬಾಲ ಮಾತ್ರ. ಎರಡನೆಯದು ಬಿಳಿ ಓಕ್ ಕಾಯಿ. ಅದು ಉದುರಿದ ಕಡೆ ಜಿಂಕೆ, ಆ ವರ್ಷ ಕಾಯಿ ಬಿಡದಿದ್ದರೆ ಜಾಡೇ ಬೇರೆ. ಮೂರನೆಯದು ಜನ. ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ನಾಲ್ಕನೇ ಗುರುವಾರದ ಹಬ್ಬ) ಮುಗಿದ ಶನಿವಾರ ಬಂದೂಕಿನ ಸೀಸನ್ ಶುರುವಾಗುತ್ತದೆ. ಅದಾದ ಎರಡೇ ದಿನಕ್ಕೆ ನನ್ನ ಕ್ಯಾಮೆರಾಗಳು ಖಾಲಿ. ಜಿಂಕೆಗಳೆಲ್ಲಾ ದಟ್ಟ ಲಾರೆಲ್ ಪೊದೆಯೊಳಗೆ. ಕಲಿಸಿದ ಹಿರಿಯರಿಗೆ ಇದನ್ನೆಲ್ಲಾ ತೋರಿಸಿದೆ. ಅವರು ಪುಸ್ತಕ ತಿರುವಿ ಹಾಕಿ, ಗಾಳಿಯ ಪುಟಗಳನ್ನು ಫೋಟೋ ತೆಗೆದುಕೊಂಡು ಹೋದರು.

ಈಗ ರಜೆಯನ್ನು ನವೆಂಬರ್ ಎರಡನೇ ವಾರಕ್ಕೇ ಹಾಕುತ್ತೇನೆ, ತಿಥಿ ಯಾವುದೇ ಇರಲಿ. ಹಿಂದಿನ ರಾತ್ರಿ ಗಾಳಿ ನೋಡಿ ಎರಡು ಸ್ಟ್ಯಾಂಡ್‌ಗಳಲ್ಲಿ ಒಂದನ್ನು ಆರಿಸುತ್ತೇನೆ. ಪಶ್ಚಿಮದ ಗಾಳಿಯಾದರೆ ದಿಣ್ಣೆಯದು, ದಕ್ಷಿಣದ್ದಾದರೆ ಹಳ್ಳದ ಪಕ್ಕದ್ದು. ಬೆಳದಿಂಗಳಿದ್ದರೆ ಟಾರ್ಚ್ ಹಚ್ಚದೆ ನಡೆದು ಹೋಗುತ್ತೇನೆ.