36 ಸೆಂ.ಮೀ. ಮಣ್ಣಿನ ಮೇಲೆ ನಿಂತ ಕಾಡು

ಆ ದಿನ ಮಧ್ಯಾಹ್ನದೊಳಗೆ ನಾಲ್ಕು ಗುಂಡಿ ತೋಡಿದ್ದೆ. ಮೊದಲನೆಯದರಲ್ಲಿ 12 ಸೆಂ.ಮೀ.ಗೇ ಬಂಡೆ. ಎರಡು ಹೆಜ್ಜೆ ಆಚೆ 36. ಮೂರನೆಯದರಲ್ಲಿ 20. ನಾಲ್ಕನೆಯದರಲ್ಲಿ 55 ದಾಟಿದರೂ ಸಲಿಕೆ ಇಳಿಯುತ್ತಲೇ ಇತ್ತು. ನಾಲ್ಕೂ ಒಂದೇ ಜೂನಿಪರ್ ಮರದ ಸುತ್ತ.

ಜಾಗ ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಭಾಗದ ಸೀಡರ್ ಮೇಸಾ. ಮೇಸಾ ಅಂದರೆ ತಲೆ ಚಪ್ಪಟೆಯಾಗಿ, ಅಂಚು ಕಡಿದಾಗಿರುವ ಗುಡ್ಡ. ಇದರ ಎತ್ತರ ಸಮುದ್ರಮಟ್ಟದಿಂದ ಸುಮಾರು 6,500 ಅಡಿ. ಹೆಸರಲ್ಲಿ ಸೀಡರ್ ಇದ್ದರೂ ಸೀಡರ್ ಮರ ಇಲ್ಲ. ಹಿಂದೆ ಇಲ್ಲಿಗೆ ಬಂದು ನೆಲೆಸಿದವರು ಜೂನಿಪರನ್ನೇ ಸೀಡರ್ ಎಂದು ಕರೆದರು, ಅದೇ ಉಳಿಯಿತು. ಇರುವುದು ಯೂಟಾ ಜೂನಿಪರ್ ಮತ್ತು ಪಿನ್ಯನ್ ಎಂಬ ಕುಳ್ಳ ಪೈನ್. ಕೆಳಗೆ ಡೈನೋಸಾರ್‌ಗಳಿಗೂ ಹಿಂದಿನ ಪರ್ಮಿಯನ್ ಕಾಲದ ಮರಳುಗಲ್ಲು. ಅದರ ಮೇಲೆ ನಾನು ಅಳೆಯಬೇಕಿದ್ದ ಕೆಂಪು ಮರಳುಮಣ್ಣು.

ನನ್ನ ಕೆಲಸ ಮಣ್ಣಿನ ಸರ್ವೆ. ಗುಂಡಿ ತೋಡು, ಪದರ ನೋಡು, ಅಳತೆ ಬರೆ, ಮುಚ್ಚು. ಇಲ್ಲಿ ತೋಡುವ ಮೊದಲು ಇನ್ನೊಂದು ಕೆಲಸವೂ ಇದೆ. ಈ ಸೀಮೆಯ ಮೂಲನಿವಾಸಿಗಳಾದ ಪ್ಯೂಬ್ಲೋ ಜನರ ಪೂರ್ವಜರು ಈ ಮೇಸಾಗಳ ಮೇಲೆ 13ನೇ ಶತಮಾನದವರೆಗೆ ಬೇಸಾಯ ಮಾಡಿ ಬದುಕಿದ್ದರು. ಅವರ ಮಡಕೆ ಚೂರು ಇವತ್ತಿಗೂ ಕಾಲಿಗೆ ಸಿಗುತ್ತದೆ. ಹಾಗಾಗಿ ಅನುಮತಿ ಇರುವ ಜಾಗದಲ್ಲಿ ಮಾತ್ರ ಸಲಿಕೆ ಹಾಕುವುದು. ಚೂರು ಕಂಡರೆ ಅಲ್ಲೇ ಬಿಟ್ಟು ಬೇರೆ ಜಾಗ ಹುಡುಕುವುದು.

ಮೊದಲ ವಾರ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. 18 ಸೆಂ.ಮೀ.ಗೆ ಸಲಿಕೆ ಠಣ್ ಅಂದ ಕೂಡಲೇ 'ಬಂಡೆ' ಎಂದು ಬರೆದು ಮುಂದೆ ಹೋಗುತ್ತಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಎರಡು ದಿನದ ನಂತರ ನನ್ನದೇ ಗುಂಡಿಗೆ ಹಾರೆ ಇಳಿಸಿ ಮೀಟಿದರು. ನನ್ನ 'ಬಂಡೆ' ತಟ್ಟೆಯಂತೆ ಮೇಲೆದ್ದು ಬಂತು. ಅದು ಮರಳುಗಲ್ಲಿನ ಸಡಿಲ ಚಪ್ಪಡಿ, ಅಷ್ಟೇ. ಅದರ ಕೆಳಗೆ ಇನ್ನೂ ಒಂದು ಗೇಣು ಮಣ್ಣು. ಆಮೇಲಿಂದ ಹಾರೆಯಿಂದ ಕುಟ್ಟಿ ಕಿವಿಗೊಡುವುದು ಅಭ್ಯಾಸವಾಯಿತು. ಸಡಿಲ ಕಲ್ಲು ಪೊಳ್ಳಾಗಿ ಸದ್ದು ಮಾಡುತ್ತದೆ. ನಿಜವಾದ ಬಂಡೆ ಕೈಗೆ ತಿರುಗಿ ಹೊಡೆಯುತ್ತದೆ, ಮೊಣಕೈವರೆಗೂ ಗೊತ್ತಾಗುತ್ತದೆ. ಅನುಮಾನ ಬಂದರೆ ಗುಂಡಿ ಅಗಲ ಮಾಡುವುದೇ ದಾರಿ. ಬೆವರು ಜಾಸ್ತಿ, ಆದರೆ ಅಳತೆ ಸರಿ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಬಂಡೆ 50 ಸೆಂ.ಮೀ. ಒಳಗೆ ಸಿಕ್ಕರೆ ಅದು ತೆಳು ಮಣ್ಣು, 25ರ ಒಳಗಾದರೆ ತೀರಾ ತೆಳು. ಆ ಒಂದು ಸಂಖ್ಯೆಯ ಮೇಲೆ ಮಣ್ಣಿನ ಹೆಸರೇ ಬದಲಾಗುತ್ತದೆ. ಈ ಭಾಗದ ನಕ್ಷೆಗಳಲ್ಲಿ ಮತ್ತೆ ಮತ್ತೆ ಸಿಗುವ ರಿಜ್ನೋ ಎಂಬ ಮಣ್ಣನ್ನೇ ತೆಗೆದುಕೊಳ್ಳಿ. ಅದರ ವರ್ಗದ ಹೆಸರು ಲಿಥಿಕ್ ಉಸ್ಟಿಕ್ ಟೊರಿಆರ್ಥೆಂಟ್. ಕೇಳಿದರೆ ಔಷಧಿ ಹೆಸರಿನಂತಿದೆ, ಅಲ್ವಾ? ಬಿಡಿಸಿದರೆ ಸರಳ: ಬಂಡೆ ಹತ್ತಿರ, ಜಾಗ ಒಣ, ಮಣ್ಣಿನ ಪದರಗಳು ಇನ್ನೂ ಬಲಿತಿಲ್ಲ.

ಬೆರಳ ಪರೀಕ್ಷೆ ಕಲಿಯಲು ನನಗೆ ಇನ್ನೂ ಜಾಸ್ತಿ ದಿನ ಬೇಕಾಯಿತು. ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ನಾದಿ ಉಂಡೆ ಮಾಡಬೇಕು. ಆಮೇಲೆ ಹೆಬ್ಬೆರಳಿನಿಂದ ಒತ್ತಿ ಪಟ್ಟಿ ಎಳೆಯಬೇಕು. ಬರೀ ಮರಳಾದರೆ ಉಂಡೆಯೇ ನಿಲ್ಲುವುದಿಲ್ಲ. ಉಂಡೆ ನಿಂತು ಪಟ್ಟಿ ಬರದಿದ್ದರೆ ಅದರಲ್ಲಿ ಜಿಗುಟು ತೀರಾ ಕಡಿಮೆ. ಪಟ್ಟಿ ಎದ್ದು 2.5 ಸೆಂ.ಮೀ. ಒಳಗೇ ಮುರಿದರೆ ಮರಳು ಮಿಶ್ರಿತ ಗೋಡು. ನಾನು ನೀರು ಕಡಿಮೆ ಹಾಕಿ ಎಲ್ಲವನ್ನೂ ಮರಳು ಎಂದು ಬರೆದಿದ್ದೆ. ಪ್ರಯೋಗಾಲಯದ ಫಲಿತಾಂಶ ಬಂದಾಗ ನಾಚಿಕೆಯಾಯಿತು. ಮೇಲಿನ ಪದರದಲ್ಲಿ ನಾನು ಅಂದುಕೊಂಡದ್ದಕ್ಕಿಂತ ನುಣುಪು ಕಣ ಜಾಸ್ತಿ ಇತ್ತು.

ಆ ನುಣುಪು ಎಲ್ಲಿಂದ ಬಂತು? ಕೆಳಗಿನ ಕಲ್ಲು ಹಲವು ಕಡೆ ತಿಳಿ ಬಣ್ಣದ್ದು, ಮೇಲಿನ ಮಣ್ಣು ಕೆಂಪು. ಕಲ್ಲು ಸವೆದು ಮರಳಾದದ್ದು ನಿಜ, ಆದರೆ ಗಾಳಿ ದೂರದಿಂದ ತಂದ ಧೂಳೂ ಅದರಲ್ಲಿ ಬೆರೆತಿದೆ. ಮರಳುಗಲ್ಲು ಕೊಡದ ಪೋಷಕಾಂಶಗಳಲ್ಲಿ ಒಂದಿಷ್ಟು ಆ ಧೂಳಿನ ಜೊತೆಗೇ ಬರುತ್ತವೆ. ಧೂಳನ್ನು ಹಿಡಿದಿಡುವುದು ನೆಲದ ಮೇಲಿನ ಕಪ್ಪು, ಉಬ್ಬುತಗ್ಗಿನ ಹೆಪ್ಪಳಿಕೆ, ಅಂದರೆ ತೆಳು ಮೇಲ್ಪೊರೆ. ನೋಡಲು ಸುಟ್ಟ ಮಣ್ಣಿನ ಹಾಗಿರುತ್ತದೆ. ನಿಜಕ್ಕೂ ಅದು ಜೀವಂತ: ಸಯನೋಬ್ಯಾಕ್ಟೀರಿಯಾ, ಹಾವಸೆ, ಕಲ್ಲುಹೂವು ಸೇರಿ ಮರಳಿನ ಕಣಗಳನ್ನು ಹೆಣೆದಿರುತ್ತವೆ. ಒಮ್ಮೆ ತುಳಿದರೆ ಸರಿಹೋಗಲು ದಶಕಗಳೇ ಬೇಕು. ನಾವು ಬಂಡೆಯ ಮೇಲೆ, ಇಲ್ಲವೇ ನೀರು ಹರಿದ ಮರಳ ಹಾದಿಯಲ್ಲೇ ನಡೆಯುತ್ತಿದ್ದೆವು. ನೂರು ಅಡಿ ದೂರದ ಗುಂಡಿಗೆ ಎಷ್ಟೋ ಸಲ ಸುತ್ತಿ ಬಳಸಿ ಹತ್ತು ನಿಮಿಷ.

ಮರದ ಕೆಳಗಿನ ಮಣ್ಣು ಬೇರೆಯೇ. ತರಗೆಲೆ ಸರಿಸಿ ಒಂದು ಹನಿ ನೀರು ಬಿಟ್ಟು ನೋಡಿದೆ. ಹನಿ ಮಣಿಯ ಹಾಗೆ ಕೂತುಬಿಟ್ಟಿತು, ಇಳಿಯಲೇ ಇಲ್ಲ. ಉದುರಿದ ಎಲೆಗಳ ಮೇಣದಂಥ ಅಂಶ ಮರಳಿನ ಕಣಗಳಿಗೆ ಅಂಟಿ ನೀರನ್ನು ದೂಡುತ್ತದೆ. ನಾಲ್ಕು ಅಡಿ ಆಚೆ ಬಯಲಲ್ಲಿ ಅದೇ ಹನಿ ಕ್ಷಣದಲ್ಲಿ ಮಾಯ.

ಸುಣ್ಣದ ಪರೀಕ್ಷೆ ಸುಲಭ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ಸುಣ್ಣ ಇದ್ದಲ್ಲಿ ನೊರೆ ಏಳುತ್ತದೆ. ಕಲ್ಲುಗಳ ಅಡಿಭಾಗದಲ್ಲಿ ಬಿಳಿ ಲೇಪ ಕಂಡರೆ ಆಮ್ಲವೂ ಬೇಡ.

ನನ್ನನ್ನು ಕಾಡಿದ್ದು ನೀರಿನ ಲೆಕ್ಕ. ಇಂಥ ಮರಳುಮಣ್ಣು 36 ಸೆಂ.ಮೀ. ಆಳಕ್ಕೆ ಗಿಡಕ್ಕೆ ಸಿಗುವಂಥ ನೀರನ್ನು ಸುಮಾರು 3 ಸೆಂ.ಮೀ. ಮಳೆಯಷ್ಟೇ ಹಿಡಿಯುತ್ತದೆ. ಜೂನ್ ತಿಂಗಳ ಬಿಸಿಲಿಗೆ ಅದು ಎಷ್ಟು ದಿನ? ಹಾಗಿದ್ದರೂ ನೂರಾರು ವರ್ಷದ ಜೂನಿಪರ್ ಅಲ್ಲಾಡದೆ ನಿಂತಿದೆ. ಉತ್ತರ ಸಿಕ್ಕಿದ್ದು ಆ ನಾಲ್ಕನೆಯ ಗುಂಡಿಯಲ್ಲಿ. ಅದು ಬಂಡೆಯ ಬಿರುಕಿನ ಮೇಲೆ ಬಿದ್ದಿತ್ತು. ಮಣಿಕಟ್ಟು ದಪ್ಪದ ಬೇರು ಚಪ್ಪಟೆಯಾಗಿ, ಹಲಗೆಯಂತೆ, ಬಿರುಕಿನೊಳಗೆ ಇಳಿದಿತ್ತು. ಸುತ್ತಲಿನ ಮರಳು ತಣ್ಣಗಿತ್ತು. ಚಳಿಗಾಲದ ಹಿಮ ನಿಧಾನವಾಗಿ ಕರಗಿ, ಮರಳಲ್ಲಿ ಸರಸರ ಇಳಿದು, ಬಂಡೆಯ ಮೇಲೆ ಜಾರಿ ಬಿರುಕು ಸೇರುತ್ತದೆ. ಅಲ್ಲಿಗೆ ಬಿಸಿಲು ತಲುಪುವುದಿಲ್ಲ. ಮೇಲಿನ ತೆಳು ಮರಳು ಹೆಚ್ಚುಕಡಿಮೆ ಆಲಿಕೆಯ ಕೆಲಸ ಮಾಡುತ್ತಿತ್ತು.

ಹಾಗಂತ ಬಿರುಕು ಎಲ್ಲ ಮರವನ್ನೂ ಕಾಯುವುದಿಲ್ಲ. 2002–03ರ ಬರದಲ್ಲಿ ಯೂಟಾ, ಕೊಲೊರಾಡೊ, ಅರಿಜೋನಾ, ನ್ಯೂ ಮೆಕ್ಸಿಕೊ ಎಂಬ ನಾಲ್ಕು ರಾಜ್ಯಗಳು ಕೂಡುವ ಈ ಸೀಮೆಯಲ್ಲಿ ಪಿನ್ಯನ್ ಮರಗಳು ರಾಶಿರಾಶಿ ಸತ್ತವು. ಬರಕ್ಕೆ ಸೊರಗಿದ ಮರಕ್ಕೆ ತೊಗಟೆ ಹುಳು ಬಿತ್ತು. ಜೂನಿಪರ್ ಬಹುಪಾಲು ಉಳಿಯಿತು, ಇನ್ನಷ್ಟು ಒಣ ಮಣ್ಣಿನಿಂದಲೂ ನೀರು ಎಳೆಯಬಲ್ಲದು ಅದು.

ಸಂಜೆ ಗುಂಡಿ ಮುಚ್ಚಿದೆ. ಕೆಳಗಿನ ಮಣ್ಣು ಕೆಳಗೆ, ಮೇಲಿನದು ಮೇಲೆ. ಎತ್ತಿಟ್ಟಿದ್ದ ಹೆಪ್ಪಳಿಕೆಯ ತುಂಡುಗಳನ್ನು ಕಪ್ಪು ಬದಿ ಮೇಲಾಗಿ ಜೋಡಿಸಿದೆ. ಫಾರಂನಲ್ಲಿ ಬಂಡೆಯ ಆಳಕ್ಕೆ ಒಂದೇ ಸಂಖ್ಯೆಗೆ ಜಾಗ. 36 ಎಂದು ಬರೆದೆ. ಷರಾ ಕಾಲಂನಲ್ಲಿ ಚಿಕ್ಕ ಅಕ್ಷರದಲ್ಲಿ ಸೇರಿಸಿದೆ: ಮರದಿಂದ ಉತ್ತರಕ್ಕೆ ಬಿರುಕು, ಬೇರು ಒಳಗೆ ಹೋಗಿದೆ, ತಳ ಕಾಣಲಿಲ್ಲ.