ಲೇಕ್ ಕೌಂಟಿಯಲ್ಲಿ ಮನೆ ಕೊಳ್ಳುವ ಮುಂಚೆ ಕಂದಾಯ ಕೇಳಿ

"ಮನೆ ನೋಡಿಕೊಂಡು ಬಂದೆವು, ಹಿತ್ತಲು ದೊಡ್ಡದಾಗಿದೆ, ಬೆಲೆಯೂ ಕೈಗೆಟುಕುವಂತಿದೆ" ಎಂದು ಹೊಸಬರು ಫೋನ್ ಮಾಡಿದಾಗ ನಾನು ಕೇಳುವುದು ಒಂದೇ ಪ್ರಶ್ನೆ: ಕಂದಾಯ ಎಷ್ಟು? ಆ ಕಡೆಯಿಂದ ಸಾಮಾನ್ಯವಾಗಿ ಮೌನ. ಬೆಂಗಳೂರಿನಲ್ಲಿ ಮನೆ ಕಂದಾಯವೆಂದರೆ ವರ್ಷಕ್ಕೊಮ್ಮೆ ಕಟ್ಟಿ ಮರೆಯುವ ಬಾಬ್ತು. ಇಲ್ಲಿ ಅದು ಸಾಲದ ಕಂತಿನ ಜೊತೆಜೊತೆಗೇ ನಡೆಯುವ ಇನ್ನೊಂದು ಬಾಡಿಗೆ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋದ ಉತ್ತರಕ್ಕೆ, ಮಿಷಿಗನ್ ಸರೋವರದ ದಂಡೆಯಲ್ಲಿ, ವಿಸ್ಕಾನ್ಸಿನ್ ಗಡಿಯವರೆಗೆ ಹಬ್ಬಿರುವುದು ನಮ್ಮ ಲೇಕ್ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು). 2020ರ ಜನಗಣತಿಯಲ್ಲಿ 7,14,342 ಜನ. ದಕ್ಷಿಣದ ಗಡಿಯಲ್ಲಿ ಲೇಕ್ ಕುಕ್ ರಸ್ತೆ. ಅದನ್ನು ದಾಟಿದರೆ ಕುಕ್ ಕೌಂಟಿ. ಬಫಲೋ ಗ್ರೋವ್‌ನಂಥ ಊರು ಈ ಗಡಿಯ ಎರಡೂ ಬದಿಗೆ ಚಾಚಿಕೊಂಡಿದೆ. ಊರು ಒಂದೇ. ಕಂದಾಯದ ಲೆಕ್ಕ ಮಾತ್ರ ಬೇರೆಬೇರೆ. ಕುಕ್‌ನಲ್ಲಿ ಕಂದಾಯಕ್ಕಾಗಿ ಮನೆಗಳ ಮರುಮೌಲ್ಯಮಾಪನ ಮೂರು ವರ್ಷಕ್ಕೊಮ್ಮೆ, ನಮ್ಮಲ್ಲಿ ನಾಲ್ಕು ವರ್ಷಕ್ಕೊಮ್ಮೆ.

ನಮ್ಮವರು ಇಲ್ಲಿಗೆ ಬರುವುದು ಕೆಲಸಕ್ಕಾಗಿ. ಅಬಾಟ್, 2013ರಲ್ಲಿ ಅದರಿಂದ ಬೇರೆಯಾದ ಆಬ್‌ವಿ, ಡೀರ್‌ಫೀಲ್ಡ್‌ನ ಬ್ಯಾಕ್ಸ್‌ಟರ್ ಮತ್ತು ವಾಲ್‌ಗ್ರೀನ್ಸ್, ವರ್ನನ್ ಹಿಲ್ಸ್‌ನ ಸಿಡಿಡಬ್ಲ್ಯು. ಔಷಧಿ ಮತ್ತು ಕಂಪ್ಯೂಟರ್ ಎರಡೂ ಇಲ್ಲಿನ ಅನ್ನದ ಬಟ್ಟಲು. ಆದರೆ ಕಚೇರಿಯ ಪಕ್ಕದಲ್ಲೇ ಮನೆ ಬೇಕೆಂದು ಹಠ ಹಿಡಿಯಬೇಡಿ. ಲಿಬರ್ಟಿವಿಲ್‌ನಲ್ಲಿದ್ದ ಮೊಟೊರೊಲಾ ಮೊಬಿಲಿಟಿ 2014ರಲ್ಲಿ ಷಿಕಾಗೋ ನಗರದೊಳಕ್ಕೆ ಹೋಯಿತು. ರಿವರ್‌ವುಡ್ಸ್‌ನ ಕ್ರೆಡಿಟ್ ಕಾರ್ಡ್ ಕಂಪನಿ ಡಿಸ್ಕವರ್ 2025ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನ ಪಾಲಾಯಿತು. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಮನೆ ಮಾರುವುದು ಸುಲಭವಲ್ಲ. ಮೊದಲ ವರ್ಷ ಬಾಡಿಗೆಗೆ ಇರಿ. ಮುಂಗಡ ಸಾಮಾನ್ಯವಾಗಿ ಒಂದೂವರೆ ತಿಂಗಳ ಬಾಡಿಗೆ ದಾಟುವುದಿಲ್ಲ, ಬೆಂಗಳೂರಿನಂತೆ ಹತ್ತು ತಿಂಗಳದ್ದಲ್ಲ.

ಈಗ ಕಂದಾಯಕ್ಕೆ ಬರೋಣ. ಇಲಿನಾಯ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಎಲ್ಲರಿಗೂ ಒಂದೇ, ಶೇಕಡ 4.95. ಆದರೆ ಶಾಲೆ, ಗ್ರಂಥಾಲಯ, ಉದ್ಯಾನ, ಅಗ್ನಿಶಾಮಕ ದಳ ಎಲ್ಲವೂ ಮುಖ್ಯವಾಗಿ ಮನೆ ಕಂದಾಯದಿಂದಲೇ ನಡೆಯುತ್ತವೆ. ಅದರಲ್ಲಿ ಸಿಂಹಪಾಲು ಶಾಲೆಗಳದು. ಐದು ಲಕ್ಷ ಡಾಲರಿನ ಮನೆಗೆ ಶೇಕಡ ಎರಡೂವರೆ ಎಂದು ಹಿಡಿದರೂ ವರ್ಷಕ್ಕೆ 12,500 ಡಾಲರ್, ಅಂದರೆ ತಿಂಗಳಿಗೆ ಸಾವಿರ ದಾಟಿತು. ಅಗ್ಗದ ಊರು ಕಂಡರೆ ಇನ್ನೂ ಎಚ್ಚರ ಬೇಕು. ಜಯನ್ ಊರಿನ ಅಣುವಿದ್ಯುತ್ ಸ್ಥಾವರ 1998ರಲ್ಲಿ ಮುಚ್ಚಿದಾಗ ಊರು ತನ್ನ ಅತಿ ದೊಡ್ಡ ತೆರಿಗೆದಾರನನ್ನು ಕಳೆದುಕೊಂಡಿತು. ಆ ಹೊರೆ ಮನೆಗಳ ಮೇಲೆ ಬಿತ್ತು. ಅಲ್ಲಿ ಮನೆಯ ಬೆಲೆ ಕಡಿಮೆ, ತೆರಿಗೆ ದರ ಜಾಸ್ತಿ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಹೊಸ ಬಡಾವಣೆಯಲ್ಲಿ ಹೊಸ ಮನೆ ಕೊಂಡೆವು. ಮೊದಲ ಲಕೋಟೆ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿ ನೋಡಿದ ನನ್ನ ಹೆಂಡತಿ "ಇಷ್ಟೇನಾ?" ಎಂದಳು. ಆ ಖುಷಿಗೆ ಸೋಫಾ ಕೊಂಡೆವು. ಇಲ್ಲಿ ಒಂದು ವರ್ಷದ ಕಂದಾಯವನ್ನು ಮರುವರ್ಷ ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಕಂತಾಗಿ ಕಟ್ಟುತ್ತಾರೆ. ನಮಗೆ ಬಂದದ್ದು ಮನೆ ಏಳುವ ಮುಂಚಿನ ಖಾಲಿ ಸೈಟಿನ ಕಂದಾಯ! ಮರುವರ್ಷದ ಲಕೋಟೆಯಲ್ಲಿ ಇಡೀ ಮನೆಯ ಲೆಕ್ಕ ಇತ್ತು. ಕಂದಾಯವನ್ನೂ ತಿಂಗಳ ಕಂತಿನಲ್ಲೇ ಸೇರಿಸಿ ವಸೂಲು ಮಾಡುತ್ತಿದ್ದ ಸಾಲದ ಬ್ಯಾಂಕು, ಕೊರತೆ ತುಂಬಿಸಲು ಆ ಕಂತನ್ನೂ ಏರಿಸಿತು. ಸೋಫಾ ಈಗಲೂ ಇದೆ, ಅದರ ಮೇಲೆ ಕೂತಾಗಲೆಲ್ಲ ನೆನಪಾಗುತ್ತದೆ.

ಹಳೆಯ ಮನೆಯಾದರೆ, ಮಾರುವವರು ತಾವು ಇದ್ದ ತಿಂಗಳುಗಳ ಕಂದಾಯವನ್ನು ನೋಂದಣಿಯ ದಿನವೇ ನಿಮಗೆ ಲೆಕ್ಕ ಹಾಕಿ ಕೊಡಬೇಕು. ನಿಮ್ಮ ವಕೀಲರಿಗೆ ಇದನ್ನು ಒತ್ತಿ ಹೇಳಿ. ಕೊಂಡ ಮೇಲೆ ವಾಸದ ಮನೆಯ ವಿನಾಯಿತಿಗೆ ಅರ್ಜಿ ಹಾಕಲು ಮರೆಯಬೇಡಿ. ಮೌಲ್ಯ ಹೆಚ್ಚು ಹಾಕಿದ್ದಾರೆ ಅನ್ನಿಸಿದರೆ ಮೌಲ್ಯದ ಪಟ್ಟಿ ಪ್ರಕಟವಾದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ಅಕ್ಕಪಕ್ಕದ ಅಂಥದ್ದೇ ಮನೆಗಳ ಮಾರಾಟದ ವಿವರ ಲಗತ್ತಿಸಿದರೆ ಸಾಕು, ಗುಮಾಸ್ತರು ಗದರುವುದಿಲ್ಲ.

ಶಾಲೆಯ ವಿಷಯದಲ್ಲಿ ಊರಿನ ಹೆಸರನ್ನು ನಂಬಬೇಡಿ. ವರ್ನನ್ ಹಿಲ್ಸ್‌ನ ಕೆಲವು ಬೀದಿಗಳ ಮಕ್ಕಳು ಸ್ಟೀವನ್‌ಸನ್ ಪ್ರೌಢಶಾಲೆಗೆ ಹೋದರೆ, ಉಳಿದವರಲ್ಲಿ ಹೆಚ್ಚಿನವರು ವರ್ನನ್ ಹಿಲ್ಸ್ ಪ್ರೌಢಶಾಲೆಗೆ. ನಮ್ಮವರು ಸ್ಟೀವನ್‌ಸನ್ ಎಂದರೆ ಪ್ರಾಣ ಬಿಡುತ್ತಾರೆ, ಅದಕ್ಕೆ ತಕ್ಕಂತೆ ಆ ಬೀದಿಗಳ ಬೆಲೆಯೂ ಏರುತ್ತದೆ. ಎರಡೂ ಒಳ್ಳೆಯ ಶಾಲೆಗಳೇ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ. ಏನೇ ಇರಲಿ, ವಿಳಾಸವನ್ನು ಶಾಲಾ ಜಿಲ್ಲೆಯ ಕಚೇರಿಯಲ್ಲೇ ಖಚಿತಪಡಿಸಿಕೊಳ್ಳಿ.

ಮನೆಗಳೇ ಸಿಗುತ್ತಿಲ್ಲ ಎಂಬ ದೂರಿಗೂ ಕಾರಣವಿದೆ. 2021ರಲ್ಲಿ ಶೇಕಡ ಮೂರರ ಬಡ್ಡಿಗೆ ಸಾಲ ಪಡೆದವರು ಅದನ್ನು ಬಿಟ್ಟು ಏಕೆ ಕದಲುತ್ತಾರೆ? 2023ರ ಅಕ್ಟೋಬರಿನಲ್ಲಿ ಬಡ್ಡಿ ಶೇಕಡ ಎಂಟರ ಹತ್ತಿರ ಹೋಗಿತ್ತು. ಹೀಗಾಗಿ ಒಳ್ಳೆಯ ಮನೆಯೊಂದು ಮಾರಾಟಕ್ಕೆ ಬಂದರೆ ವಾರಾಂತ್ಯದಲ್ಲೇ ಮೂರ್ನಾಲ್ಕು ಜನ ಮುಗಿಬೀಳುತ್ತಾರೆ. ಆ ನೂಕುನುಗ್ಗಲಿನಲ್ಲಿ ಮನೆಯ ತಪಾಸಣೆಯನ್ನು ಮಾತ್ರ ಬಿಡಬೇಡಿ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ವಕೀಲರ ಪರಿಶೀಲನೆಗೆ ಸಾಮಾನ್ಯವಾಗಿ ಐದು ಕೆಲಸದ ದಿನಗಳು ಇರುತ್ತವೆ. ಅದೇ ನಿಮಗೆ ಉಸಿರಾಡಲು ಸಿಗುವ ಸಮಯ.

ತಪಾಸಣೆಯಲ್ಲಿ ನೋಡಬೇಕಾದ ಜಾಗ ನೆಲಮಾಳಿಗೆ. ಬೆಂಗಳೂರಿನಲ್ಲಿ ಸಂಪ್ ತುಂಬಿದರೆ ನೆಮ್ಮದಿ, ಇಲ್ಲಿ ಸಂಪ್ ತುಂಬಿದರೆ ಗಾಬರಿ! ನೆಲದಡಿಯ ನೀರು ಬಂದು ಸೇರುವ ಗುಂಡಿ ಅದು. ಪಂಪು ಅದನ್ನು ಹೊರಕ್ಕೆ ಚೆಲ್ಲುತ್ತಲೇ ಇರಬೇಕು. ಗುಡುಗು ಮಳೆಯ ರಾತ್ರಿ ಕರೆಂಟು ಹೋದರೆ ಪಂಪೂ ನಿಂತಿತು, ಆದ್ದರಿಂದ ಬ್ಯಾಟರಿಯ ಪಂಪು ಇದೆಯೇ ಕೇಳಿ. 2017ರ ಜುಲೈನಲ್ಲಿ ಡೆಸ್ ಪ್ಲೇನ್ಸ್ ನದಿ ಉಕ್ಕಿ ಗರ್ನೀ ಕಡೆಯ ಮನೆಗಳಿಗೆ ನುಗ್ಗಿದ್ದನ್ನು ಇಲ್ಲಿಯವರು ಮರೆತಿಲ್ಲ. ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ, ಸಂಪ್ ಉಕ್ಕಿದ ಹಾನಿಗೂ ಪ್ರತ್ಯೇಕವಾಗಿ ಹಣ ಕಟ್ಟಬೇಕು.

ಏಪ್ರಿಲ್‌ನಲ್ಲಿ, ಹಿಮ ಕರಗಿ ಮಳೆ ಶುರುವಾದ ಮೇಲೆ ಮನೆ ನೋಡುವುದು ಒಳ್ಳೆಯದು. ಕೆಳಗಿಳಿದ ಕೂಡಲೇ ಮೂಗು ಮುಗ್ಗಲು ವಾಸನೆ ಹಿಡಿಯುತ್ತದೆಯೇ ಗಮನಿಸಿ. ಆಮೇಲೆ ತಪಾಸಣೆಗೆ ಬಂದವರಿಗೆ ಹೇಳಿ ಸಂಪ್‌ಗೆ ಒಂದು ಬಕೆಟ್ ನೀರು ಸುರಿಸಿ. ತೇಲುಗುಂಡು ಮೇಲೆದ್ದು, ಪಂಪು ಗುರ್ ಎಂದು, ನೀರು ಹೊರಗಿನ ಹುಲ್ಲಿನ ಮೇಲೆ ಬೀಳುವವರೆಗೂ ಅಲ್ಲಿಂದ ಕದಲಬೇಡಿ.